ಮಗುವಿನ ಚಿಕಿತ್ಸೆ, ಮನೆಯವರ ತಾಳ್ಮೆ, ನಮ್ಮ ಪಾಲು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಕೇಳುಗರ ಬೇಡಿಕೆಯ ಮೇರೆಗೆ ಇಲ್ಲಿ ಕೊಡಲಾಗಿದೆ.)



ಹಾಡು, ಹರಟೆ, ಹಬ್ಬದ ಅಡುಗೆ ಎಂದು ನಿಮ್ಮೊಡನೆ ಮಾತನಾಡುವ ಈ ಹೊತ್ತಿನಲ್ಲಿ ಇಂದು ಸ್ವಲ್ಪ ಭಾರವಾದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ದಯವಿಟ್ಟು ರೇಡಿಯೋ ಆರಿಸಬೇಡಿ. ವಿಷಯ ಭಾರವಾದರೂ ಕೊನೆಯಲ್ಲಿ ನಿಮ್ಮ ಕೈಲಾಗುವ ಕೆಲಸ ಒಂದೆರಡು ಇವೆ. ಅದಕ್ಕಾಗಿಯೇ ಈ ಮಾತು.

ದಾದರ್‌ನಲ್ಲಿ ಇಳಿದು ಪರೇಲ್ ಕಡೆಗೆ ಹೋಗುವ ದಾರಿಯಲ್ಲಿ ನೀವು ಎಷ್ಟೋ ಸಲ ಇವರನ್ನು ನೋಡಿದ್ದೀರಿ. ತಲೆಯ ಮೇಲೆ ಕೂದಲಿಲ್ಲದ, ಬಾಯಿಗೆ ಮಾಸ್ಕ್ ಹಾಕಿಕೊಂಡ ಪುಟ್ಟ ಮಗು. ಅದನ್ನು ಸೊಂಟದ ಮೇಲೆ ಹೊತ್ತ ತಾಯಿ. ಒಂದು ಕೈಯಲ್ಲಿ ಆಸ್ಪತ್ರೆಯ ಫೈಲು, ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದ ತಂದೆ. ಅವರು ಹೋಗುತ್ತಿರುವುದು ಟಾಟಾ ಮೆಮೋರಿಯಲ್ ಆಸ್ಪತ್ರೆಗೆ. 1941 ರ ಫೆಬ್ರವರಿ 28 ರಂದು ಬಾಗಿಲು ತೆರೆದ ಈ ಆಸ್ಪತ್ರೆ 1962 ರಿಂದ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಇಲ್ಲಿಗೆ ಇಡೀ ದೇಶದಿಂದ ಜನ ಬರುತ್ತಾರೆ. ನಮ್ಮ ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೆಳಗಾವಿ ಕಡೆಯವರೂ ಬರುತ್ತಾರೆ. ಅವರ ಪೈಕಿ ಮಕ್ಕಳನ್ನು ಕರೆತಂದವರ ಮಾತು ಇವತ್ತಿನದು.

ನಾನು ವೈದ್ಯಳಲ್ಲ, ಕನ್ನಡದಲ್ಲಿ ಬಿ.ಎ. ಓದಿ ಮೈಕಿನ ಮುಂದೆ ಕೂತವಳು. ಆದರೆ ಕಳೆದ ಕೆಲವು ತಿಂಗಳಿಂದ ನಮ್ಮ ಕಾರ್ಯಕ್ರಮದ ಕೆಲವು ಕೇಳುಗರ ಜೊತೆ ಹೋಗಿ ಪರೇಲ್ ಸುತ್ತಮುತ್ತ ಉಳಿದುಕೊಂಡಿರುವ ಕನ್ನಡ ಕುಟುಂಬಗಳೊಂದಿಗೆ ಕೂತು ಮಾತನಾಡಿದ್ದೇನೆ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಕಂಡದ್ದನ್ನು ಕೇಳಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಮಕ್ಕಳ ಕ್ಯಾನ್ಸರ್ ಎಂದರೆ ಮುಗಿಯಿತು ಎಂದು ನಾವು ತಿಳಿದಿದ್ದೇವೆ. ಅದು ಹಳೆಯ ತಿಳಿವಳಿಕೆ. ದೊಡ್ಡವರ ಕ್ಯಾನ್ಸರ್‌ಗಿಂತ ಮಕ್ಕಳ ಕ್ಯಾನ್ಸರ್ ಬೇರೆ. ಅದು ಬೇಗ ಬೆಳೆಯುತ್ತದೆ ನಿಜ, ಆದರೆ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತದ ಕ್ಯಾನ್ಸರ್. ಅದರಲ್ಲೂ ಹೆಚ್ಚಾಗಿ ಕಾಣುವ ಬಗೆಯನ್ನು ವೈದ್ಯರು ಚುಟುಕಾಗಿ ಎ.ಎಲ್.ಎಲ್. ಎನ್ನುತ್ತಾರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಆ ಸಂಖ್ಯೆ ಬಹಳ ಕೆಳಗೆ ಇಳಿಯುತ್ತದೆ. 2018 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಗುರಿ ಹಾಕಿಕೊಂಡಿತು: 2030 ರ ಹೊತ್ತಿಗೆ ಜಗತ್ತಿನ ಎಲ್ಲ ಕಡೆ ನೂರಕ್ಕೆ ಅರವತ್ತು ಮಕ್ಕಳಾದರೂ ಬದುಕಬೇಕು.

ಈ ಔಷಧಿಗಳ ಹಿಂದೆ ನಮ್ಮ ನೆಲದ ಸಂಬಂಧವೂ ಇದೆ. ಪಕ್ಕದ ಆಂಧ್ರದ ಭೀಮಾವರಂನಲ್ಲಿ 1895 ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕಕ್ಕೆ ಹೋಗಿ ಔಷಧಿ ಕಂಪನಿಯೊಂದರಲ್ಲಿ ಸಂಶೋಧನೆ ನಡೆಸುತ್ತಿದ್ದರು. ಅವರ ತಂಡ ತಯಾರಿಸಿಕೊಟ್ಟ ಔಷಧಿಯನ್ನೇ ಬೋಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳ ರೋಗ ಸ್ವಲ್ಪ ಕಾಲಕ್ಕಾದರೂ ಹಿಮ್ಮೆಟ್ಟಿತು ಎಂದು 1948 ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆ ಔಷಧಿಯ ತಮ್ಮನೆನ್ನಬಹುದಾದ ಮೆಥೋಟ್ರೆಕ್ಸೇಟ್ ಇಂದಿಗೂ ಈ ಮಕ್ಕಳ ಚಿಕಿತ್ಸೆಯಲ್ಲಿದೆ. ಇನ್ನೊಂದು ಮುಖ್ಯ ಔಷಧಿ ವಿನ್‌ಕ್ರಿಸ್ಟಿನ್. ಅದನ್ನು ಪಡೆದದ್ದು ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ. ಇಲ್ಲಿ ಮರಾಠಿಯವರು ಸದಾಫುಲಿ ಎನ್ನುತ್ತಾರಲ್ಲ, ಅದೇ. ಹಾಗೆಂದು ಮನೆಯ ಗಿಡದ ಎಲೆ ಅರೆದು ಕೊಡುವುದಲ್ಲ. ಆ ಗಿಡ ವಿಷ. ಅದರಿಂದ ಬೇರ್ಪಡಿಸಿ, ಅಳೆದು, ರಕ್ತನಾಳಕ್ಕೆ ಕೊಟ್ಟಾಗ ಮಾತ್ರ ಔಷಧಿ.

ಔಷಧಿ ಇದೆ, ಆಸ್ಪತ್ರೆ ಇದೆ, ವೈದ್ಯರಿದ್ದಾರೆ. ಹಾಗಾದರೆ ತೊಡಕು ಎಲ್ಲಿ? ಒಂದು ತೊಡಕು ಕಾಲದ್ದು. ಎ.ಎಲ್.ಎಲ್. ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಮೊದಲ ಹಂತ ನಾಲ್ಕೈದು ವಾರ. ಆಮೇಲೆ ಹಲವು ತಿಂಗಳು ಜೋರಾದ ಔಷಧಿ. ಅದು ಮುಗಿದ ಮೇಲೆ ಒಂದೂವರೆ, ಎರಡು ವರ್ಷ ದಿನಾ ಮಾತ್ರೆ, ಆಗಾಗ ತಪಾಸಣೆ. ಮಗುವಿನ ರಕ್ತ ಹೋರಾಡಬೇಕಾದಷ್ಟೇ ಕಾಲ ಮನೆಯವರೂ ನಿಲ್ಲಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಈ ನಿಲ್ಲುವಿಕೆಯ ವಿಷಯ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಕುಟುಂಬ. ಸ್ವಲ್ಪ ನಿಂಬೆ ತೋಟ, ಉಳಿದದ್ದು ಮಳೆಯ ಹೊಲ. ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಹುಡುಗನಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಕಾಲು ನೋವೆಂದು ನಡೆಯಲು ಹಟ ಮಾಡಿದ. ಶಾಲೆ ತಪ್ಪಿಸಿಕೊಳ್ಳುವ ನೆಪ ಎಂದು ಎರಡು ಏಟೂ ಬಿದ್ದವು. ಮುಖ ಬಿಳಿಚಿತು, ತೊಡೆಯ ಮೇಲೆ ಬಿದ್ದ ನೆನಪಿಲ್ಲದ ಕಡೆ ನೀಲಿ ಕಲೆಗಳು ಎದ್ದವು. ಊರಿನ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಸೊಲ್ಲಾಪುರಕ್ಕೆ ಬಂದು ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರು. ಒಂದು ವಾರದ ಬಟ್ಟೆ, ಒಂದು ಗಂಟು ರೊಟ್ಟಿ, ಶೇಂಗಾ ಚಟ್ನಿ. ಒಂದು ವಾರ ಎಂದುಕೊಂಡು ಬಂದವರಿಗೆ ಎರಡೂವರೆ ವರ್ಷ ಎಂದು ಹೇಳಲಾಯಿತು.

ಆ ತಾಯಿ ನನಗೆ ಹೇಳಿದ ಮಾತು: "ಆಸ್ಪತ್ರ್ಯಾಗ ಎಲ್ಲಾರೂ ಚೊಲೋತ್ನಾಗಿ ಮಾತಾಡ್ತಾರ್ರೀ ಅಕ್ಕಾರ. ಖರೆ ನನಗ ಅರ್ಧಾನೂ ತಿಳಿಯೂದಿಲ್ಲ. ಹೂಂ ಹೂಂ ಅಂತ ತಲಿ ಅಳ್ಳಾಡಸ್ತೀನಿ."

ಇದನ್ನು ಸ್ವಲ್ಪ ಯೋಚಿಸಿ. ಗಡಿ ಊರಿನವರು, ಸಂತೆಯ ಮಟ್ಟಿಗೆ ಮರಾಠಿ ಬರುತ್ತದೆ. ಟೀವಿ ನೋಡಿ ಹಿಂದಿಯೂ ಒಂದಿಷ್ಟು ಬರುತ್ತದೆ. ಆದರೆ ಸಂತೆಯ ಮರಾಠಿಯಲ್ಲಿ ನಿಂಬೆ ಮಾರಬಹುದು, ಮಗನ ಎಲುಬಿನ ಒಳಗಿನ ಮಜ್ಜೆಯಲ್ಲಿ ಏನಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳಲಾಗದು. ಆದರೂ ಈ ತಾಯಂದಿರು ಕಲಿಯುತ್ತಾರೆ. ಆರು ತಿಂಗಳಲ್ಲಿ "ಕೌಂಟ್ ಎಷ್ಟ್ ಬಂತು?", "ಪ್ಲೇಟ್ಲೆಟ್ ಏರಿಸ್ಬೇಕೇನು?", "ನಾಳೆ ಕೀಮೋ ಐತಿ, ಬೆನ್ನಾಗಿನ ಸೂಜಿ ಐತಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಬಿಳಿ ರಕ್ತಕಣಗಳ ಎಣಿಕೆ ಇಳಿದಿದೆ ಎಂದರೆ ಮಗುವಿಗೆ ಸೋಂಕು ತಡೆಯುವ ಶಕ್ತಿ ಇಲ್ಲ ಎಂದು ಈಗ ಆ ತಾಯಿಗೆ ಗೊತ್ತು. ಸೆರಗಿನ ಗಂಟಿನಲ್ಲಿ ದುಡ್ಡು ಇಟ್ಟುಕೊಳ್ಳುತ್ತಿದ್ದವಳು ಈಗ ಥರ್ಮಾಮೀಟರ್ ಇಟ್ಟುಕೊಳ್ಳುತ್ತಾಳೆ. 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ, ಕೇಳದೆ ಜ್ವರದ ಮಾತ್ರೆ ಕೊಡುವಂತಿಲ್ಲ. ನಮ್ಮ ಮಕ್ಕಳಿಗೆ ಎರಡು ದಿನದ ನೆಗಡಿಯಾಗುವ ಸೋಂಕು ಈ ಮಕ್ಕಳ ಪ್ರಾಣಕ್ಕೆ ಬರಬಹುದು.

ಇನ್ನು ಅಡುಗೆ. ಬೀದಿಯ ತಿಂಡಿ ಇಲ್ಲ, ಕತ್ತರಿಸಿಟ್ಟ ಹಣ್ಣು ಇಲ್ಲ, ಹಸಿ ಚಟ್ನಿ ಇಲ್ಲ. ಕುದಿಸಿದ ನೀರು, ಆಗತಾನೇ ಮಾಡಿದ ಬಿಸಿ ಊಟ, ಸಿಪ್ಪೆ ಸುಲಿಯುವ ಬಾಳೆಹಣ್ಣು, ಕಿತ್ತಳೆಯಂಥ ಹಣ್ಣು. ಇಷ್ಟನ್ನು ಹತ್ತಡಿ ಉದ್ದದ ಬಾಡಿಗೆ ಕೋಣೆಯಲ್ಲಿ, ಧರ್ಮಶಾಲೆಯಲ್ಲಿ, ಕೆಲವೊಮ್ಮೆ ಪಾದಚಾರಿ ದಾರಿಯ ಪಕ್ಕದಲ್ಲಿ ಮಾಡಬೇಕು. ಮೊದಲ ಹಂತದ ಚಿಕಿತ್ಸೆಯಲ್ಲಿ ಸ್ಟೆರಾಯ್ಡ್ ಮಾತ್ರೆ ಕೊಡುತ್ತಾರೆ. ಅದರಿಂದ ಮಗುವಿಗೆ ತಡೆಯಲಾಗದ ಹಸಿವು, ಸಿಟ್ಟು, ಅಳು. ಆ ಹುಡುಗ ರಾತ್ರಿ ಎರಡು ಗಂಟೆಗೆ ಎದ್ದು "ಅವ್ವಾ, ಬಿಸಿ ರೊಟ್ಟಿ" ಎನ್ನುತ್ತಿದ್ದನಂತೆ. ಸ್ಟವ್ ಹಚ್ಚಿದರೆ ಪಕ್ಕದ ಕೋಣೆಯವರ ಬೈಗುಳ, ಹಚ್ಚದಿದ್ದರೆ ಮಗನ ಅಳು. ತಟ್ಟಿದ ರೊಟ್ಟಿಯನ್ನು ತಾಯಿಯ ಮುಖಕ್ಕೇ ಎಸೆದದ್ದೂ ಉಂಟು. ಹುಡುಗ ಕೆಟ್ಟವನಾಗಿಲ್ಲ, ಮಾತ್ರೆ ಹಾಗೆ ಮಾಡಿಸುತ್ತದೆ, ನಿಂತ ಮೇಲೆ ಸರಿಹೋಗುತ್ತದೆ ಎಂದು ಯಾರಾದರೂ ಅವಳ ಭಾಷೆಯಲ್ಲಿ ಹೇಳುವವರೆಗೆ ಆ ತಾಯಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಕೇಳುಗರೇ, ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಮೊದಲ ಹಂತ ಮುಗಿದಾಗ ಮತ್ತೆ ಮಜ್ಜೆಯ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಕಣಗಳು ಕಾಣಲಿಲ್ಲ. ವೈದ್ಯರು ಇದನ್ನು ರೆಮಿಷನ್ ಎನ್ನುತ್ತಾರೆ. ರೋಗ ಕಣ್ಣಿಗೆ ಕಾಣದಷ್ಟು ಕಡಿಮೆಯಾಗಿದೆ ಎಂದು ಇದರ ಅರ್ಥ. ರೋಗ ಹೋಗಿದೆ ಎಂದು ಅರ್ಥವಲ್ಲ. ಆದರೆ ಆ ತಂದೆಯ ಕಿವಿಗೆ ಬಿದ್ದದ್ದು "ಕುಛ್ ನಹೀ ಹೈ" ಎಂಬ ಮೂರು ಪದ ಮಾತ್ರ.

ಅದೇ ಹೊತ್ತಿಗೆ ಊರಿನಿಂದ ವಿಡಿಯೋ ಕರೆ. ಸ್ಟೆರಾಯ್ಡ್‌ನಿಂದ ಊದಿದ ಕೆನ್ನೆಯನ್ನು ನೋಡಿ ಅಜ್ಜ ಹಿಗ್ಗಿದರು. ಮೊಮ್ಮಗ ಮೈ ತುಂಬಿಕೊಂಡಿದ್ದಾನೆ, ಇನ್ನೇಕೆ ಅಲ್ಲಿ, ಬಿತ್ತುವ ಕಾಲ ಬಂತು, ಬನ್ನಿ ಎಂದರು. ಅಷ್ಟರಲ್ಲಿ ಕೈಯ ದುಡ್ಡು ಕರಗಿತ್ತು, ಬಡ್ಡಿಯ ಸಾಲ ತಲೆಯ ಮೇಲಿತ್ತು. ಹನ್ನೊಂದು ವರ್ಷದ ಮಗಳು ಶಾಲೆ ಬಿಟ್ಟು ಅಜ್ಜ ಅಜ್ಜಿಗೆ ಅಡುಗೆ ಮಾಡುತ್ತಿದ್ದಳು. ತಂದೆ ಮನಸ್ಸು ಗಟ್ಟಿ ಮಾಡಿದ. "ಹುಡುಗ ಆರಾಮ ಆಗ್ಯಾನ. ರಕ್ತದಾಗ ಏನೂ ಇಲ್ಲ ಅಂದಾರ. ಇನ್ನ ಯಾಕ ಇಲ್ಲಿ ಕುಂದ್ರೂದು?" ಟಿಕೆಟ್ ತೆಗೆಸಿಯೂ ಆಗಿತ್ತು.

ದಯವಿಟ್ಟು ಆ ತಂದೆಯನ್ನು ದಡ್ಡ ಎನ್ನಬೇಡಿ. ಅವನ ಲೆಕ್ಕ ಅವನ ಮಟ್ಟಿಗೆ ಸರಿಯಾಗಿಯೇ ಇತ್ತು. ಇಬ್ಬರು ಮಕ್ಕಳು, ಇಬ್ಬರು ಮುದುಕರು, ಒಂದು ಬೆಳೆ. ಒಂದು ಮಗು ಆರಾಮವಾಗಿದೆ ಎಂದು ತಿಳಿದಾಗ ಉಳಿದವರ ಕಡೆ ನೋಡಿದ. ಹೀಗೆ ನಡುವೆ ಬಿಟ್ಟು ಹೋದ ಮಕ್ಕಳಲ್ಲಿ ರೋಗ ಮರಳುವುದು ಬಹುಮಟ್ಟಿಗೆ ಖಚಿತ. ಮರಳಿದ ರೋಗ ಮೊದಲಿನ ಔಷಧಿಗೆ ಬಗ್ಗುವುದು ಕಷ್ಟ. ಗುಣವಾಗಬಹುದಾಗಿದ್ದ ಮಗುವನ್ನು ಹೀಗೆ ಕಳೆದುಕೊಳ್ಳುತ್ತೇವೆ. ಬಡ ದೇಶಗಳಲ್ಲಿ ಮಕ್ಕಳು ಸಾಯಲು ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು ಎಂದು ತಜ್ಞರು ಹೇಳುತ್ತಾರೆ.

ಈ ಕುಟುಂಬದ ವಿಷಯದಲ್ಲಿ ಹಾಗಾಗಲಿಲ್ಲ. ಸಯನ್‌ನಲ್ಲಿರುವ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನಮ್ಮ ಹಳೆಯ ಕೇಳುಗರು, ಉಡುಪಿಯ ಕಡೆಯವರು. ವಾರಕ್ಕೆರಡು ದಿನ ಆಸ್ಪತ್ರೆಯ ಸುತ್ತಮುತ್ತ ಕನ್ನಡದವರು ಸಿಕ್ಕರೆ ಮಾತನಾಡಿಸುವುದು ಅವರ ಅಭ್ಯಾಸ. ಟಿಕೆಟ್ ತೆಗೆಸಿದ ಸಂಗತಿ ಅವರ ಕಿವಿಗೆ ಬಿತ್ತು. ಅವರು ಉಪದೇಶ ಮಾಡಲಿಲ್ಲ. ತಂದೆಯನ್ನು ಕರೆದುಕೊಂಡು ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋದರು, ವೈದ್ಯರ ಜೊತೆ ಹತ್ತು ನಿಮಿಷ ಕೇಳಿ ಪಡೆದರು, ಅವರು ಹೇಳಿದ್ದನ್ನೆಲ್ಲ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಪರೀಕ್ಷೆಯಲ್ಲಿ ಕಾಣದ ಕಣಗಳು ಒಳಗೆ ಉಳಿದಿರುತ್ತವೆ, ಅವು ಮತ್ತೆ ಹರಡುತ್ತವೆ, ಅದಕ್ಕೇ ಎರಡು ವರ್ಷ ಔಷಧಿ ಎಂದರು. ಉಡುಪಿಯ ಕನ್ನಡ ಬೇರೆ, ಇಂಡಿಯ ಕನ್ನಡ ಬೇರೆ. ಆದರೂ ಮಾತು ಮುಟ್ಟಿತು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದನಂತೆ: "ಅಂದ್ರ ಇದು ಹೊಲದಾಗಿನ ಕರಕಿ ಇದ್ದಂಗಾತಲ್ರೀ. ಮ್ಯಾಲ ಕಿತ್ತರ ಹೊಲ ಹಸನ ಕಾಣ್ತದ. ಬೇರು ಒಳಗ ಇರ್ತಾವ. ಒಂದ್ ಮಳಿ ಸಾಕು."

ಕರಕಿ ಎಂದರೆ ನಮ್ಮ ಗರಿಕೆ ಹುಲ್ಲು. ಯಾವ ವೈದ್ಯಕೀಯ ಪುಸ್ತಕಕ್ಕಿಂತಲೂ ಇದು ಚೆನ್ನಾದ ವಿವರಣೆ. ಈಗ ಆ ತಂದೆಯೇ ಹೊಸದಾಗಿ ಬಂದ ನಮ್ಮ ಕಡೆಯವರಿಗೆ ಕರಕಿಯ ಲೆಕ್ಕ ಹೇಳುತ್ತಾನೆ.

ಅರ್ಥವಾದ ಮೇಲೂ ದುಡ್ಡು, ಹೊಲ, ಮಗಳ ಶಾಲೆ ಹಾಗೇ ಇದ್ದವು. ಒಂದೊಂದಕ್ಕೂ ಒಂದೊಂದು ದಾರಿ ಹುಡುಕಿದರು. ತಂದೆ ಊರಿಗೆ ಹೋಗಿ ಬಿತ್ತಿದ. ತಾಯಿ ಮಗನೊಂದಿಗೆ ಇಲ್ಲಿ ಉಳಿದಳು. ತಾಯಿಯ ತಮ್ಮ ಹದಿನೈದು ದಿನಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾನೆ. ಸೋದರತ್ತೆ ಅಜ್ಜ ಅಜ್ಜಿಯ ಜೊತೆ ಇರಲು ಒಪ್ಪಿದಳು, ಮಗಳು ಮತ್ತೆ ಶಾಲೆಗೆ ಹೋದಳು. ಇಷ್ಟು ಏರ್ಪಾಡಿಗೆ ಎರಡು ತಿಂಗಳು ಫೋನಿನಲ್ಲಿ ಜಗಳ, ಅಳು ಎಲ್ಲ ನಡೆಯಿತು. ಈಗ ಹುಡುಗ ದಿನದ ಮಾತ್ರೆಯ ಹಂತದಲ್ಲಿದ್ದಾನೆ. ತಲೆಯಲ್ಲಿ ಕೂದಲು ಬಂದಿದೆ. ಮುಂದೇನು ಎಂದು ಯಾರೂ ಬರೆದುಕೊಡಲಾರರು, ಆದರೆ ಗುಣವಾಗುವ ದಾರಿಯಲ್ಲಿ ಇದ್ದಾನೆ.

ಮನೆಯಲ್ಲಿ ಉಳಿದ ಮಗುವಿನ ಬಗ್ಗೆ ಒಂದು ಮಾತು. ಕಾಯಿಲೆಯ ಮಗುವಿಗೆ ಎಲ್ಲರೂ ಆಟದ ಸಾಮಾನು ತರುತ್ತಾರೆ. ಅಕ್ಕನನ್ನು ಯಾರೂ ಕೇಳುವುದಿಲ್ಲ. ಆ ಹುಡುಗಿ ತಾಯಿಗೆ ಫೋನಿನಲ್ಲಿ ಕೇಳಿದಳಂತೆ: "ನಾ ಅವಗ ಬಡದಿದ್ನೆಲ್ಲ, ಅದಕ್ಕ ಬಂತೇನವ್ವಾ ಇದು?" ಎಷ್ಟು ದಿನ ಆ ಮಗು ಇದನ್ನು ಒಳಗಿಟ್ಟುಕೊಂಡಿತ್ತೋ. ಕ್ಯಾನ್ಸರ್ ಏಟಿನಿಂದ ಬರುವುದಿಲ್ಲ, ಎಂಜಲಿನಿಂದ ಹರಡುವುದಿಲ್ಲ, ಒಟ್ಟಿಗೆ ಆಡಿದರೆ ಅಂಟುವುದಿಲ್ಲ ಎಂದು ಮನೆಯ ಇತರ ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. ಕಾಯಿಲೆಯ ಮಗುವಿಗೂ ಅದರ ವಯಸ್ಸಿಗೆ ತಕ್ಕಂತೆ ನಿಜ ಹೇಳಬೇಕು. ಮಕ್ಕಳಿಗೆ ಎಲ್ಲ ಗೊತ್ತಾಗುತ್ತದೆ. ಪಕ್ಕದ ಹಾಸಿಗೆಯ ಗೆಳೆಯ ಒಂದು ದಿನ ಕಾಣದಾದಾಗ ಅವರು ಕೇಳುತ್ತಾರೆ. ಎಲ್ಲ ಮಕ್ಕಳೂ ಉಳಿಯುವುದಿಲ್ಲ, ಈ ಮಾತನ್ನು ನಾನು ಮುಚ್ಚಿಡಲಾರೆ. ಆಗ "ಊರಿಗೆ ಹೋದ" ಎಂದು ಸುಳ್ಳು ಹೇಳಿದರೆ ಊರಿಗೆ ಹೋಗುವುದೆಂದರೇ ಮಗುವಿಗೆ ಭಯವಾಗುತ್ತದೆ. "ಅವನ ಕಾಯಿಲೆ ಬೇರೆ ಇತ್ತು, ವೈದ್ಯರು ಬಹಳ ಪ್ರಯತ್ನ ಮಾಡಿದರು, ಅವನು ತೀರಿಕೊಂಡ, ನನಗೂ ದುಃಖವಾಗಿದೆ" ಎಂದು ಹೇಳಿ ಪಕ್ಕದಲ್ಲಿ ಕೂರುವುದು ಮೇಲು.

ಈಗ ದುಡ್ಡಿನ ಸಂಗತಿ. ನಿಮಗೆ ಪರಿಚಯದ ಯಾರಾದರೂ ಬಂದರೆ ಇದನ್ನು ಹೇಳಿ. ಮೊದಲ ದಿನವೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋಗಬೇಕು. ಬಡ್ಡಿ ಸಾಲ ಮಾಡಿದ ಮೇಲೆ ಅಲ್ಲ, ಮೊದಲ ದಿನ. ಆಧಾರ್, ರೇಷನ್ ಕಾರ್ಡ್, ಮಗುವಿನ ಜನನ ಪತ್ರ, ಊರಿನ ಆಸ್ಪತ್ರೆಯ ವರದಿಗಳು ಜೊತೆಯಲ್ಲಿರಲಿ. 2018 ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಕರ್ನಾಟಕದ ಕಾರ್ಡನ್ನು ಇಲ್ಲಿ ಬಳಸಲು ಯಾವ ಕಾಗದ ಬೇಕು ಎಂದು ಅಲ್ಲಿಯೇ ಕೇಳಬೇಕು. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯಿಂದಲೂ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೇಳಬಹುದು. ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಇಂಪ್ಯಾಕ್ಟ್ ಎಂಬ ಪ್ರತಿಷ್ಠಾನದ ಬೆಂಬಲವೂ ಇದೆ.

ರೈಲಿನ ರಿಯಾಯಿತಿ ಬಹಳ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ. ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ 75. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಂಡು ರಿಸರ್ವೇಷನ್ ಕೌಂಟರಿನಲ್ಲಿ ತೋರಿಸಬೇಕು. ಎರಡೂವರೆ ವರ್ಷ ಸೊಲ್ಲಾಪುರಕ್ಕೆ ಓಡಾಡುವವರಿಗೆ ಇದು ಸಣ್ಣ ಉಳಿತಾಯವಲ್ಲ.

ಉಳಿಯುವ ಜಾಗಕ್ಕೆ ದಾದರ್‌ನ ಗಾಡ್ಗೆ ಮಹಾರಾಜ ಧರ್ಮಶಾಲೆ ಬಹಳ ಕಾಲದಿಂದ ಟಾಟಾ ಆಸ್ಪತ್ರೆಯ ರೋಗಿಗಳಿಗೆ ನೆರಳಾಗಿದೆ. 2006 ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಎಂಬ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಯ ಮಕ್ಕಳಿಗೆ, ಅವರ ತಂದೆ ತಾಯಿಗೆ ಉಚಿತವಾಗಿ ಕೋಣೆ ಕೊಡುತ್ತದೆ. ಅಡುಗೆ ಮಾಡಿಕೊಳ್ಳಲು ಜಾಗ, ಮಕ್ಕಳಿಗೆ ಪಾಠ ಎಲ್ಲ ಇದೆ. ಇಲ್ಲಿಗೂ ಆಸ್ಪತ್ರೆಯ ಚೀಟಿ ಬೇಕು, ಜಾಗ ಖಾಲಿಯಾಗುವವರೆಗೆ ಕಾಯಬೇಕಾಗಬಹುದು. ಇನ್ನೊಂದು ಮಾತು. ಎಲ್ಲರೂ ಮುಂಬಯಿಗೇ ಬರಬೇಕೆಂದಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲೂ ಮಕ್ಕಳ ವಿಭಾಗವಿದೆ. ಅಲ್ಲಿ ಭಾಷೆಯ ತೊಡಕೂ ಇಲ್ಲ. ಎಲ್ಲಿ ಆರಂಭಿಸಿದರೂ ಮುಗಿಸುವುದು ಮುಖ್ಯ.

ನಾವು ನೋಡಲು ಹೋದಾಗ ಏನು ಆಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಈ ಪಟ್ಟಿ ತಾಯಂದಿರೇ ನನಗೆ ಕೊಟ್ಟದ್ದು. "ಅಯ್ಯೋ ಪಾಪ, ಎಷ್ಟು ಚೆಂದದ ಕೂದಲಿತ್ತು" ಎಂದು ಮಗುವಿನ ಎದುರು ಅಳಬೇಡಿ. "ಯಾವ ಜನ್ಮದ ಕರ್ಮವೋ" ಎನ್ನಬೇಡಿ. "ನಮ್ಮ ಪರಿಚಯದ ಒಬ್ಬರಿಗೂ ಹೀಗೇ ಆಗಿತ್ತು, ಉಳಿಯಲಿಲ್ಲ" ಎಂಬ ಕಥೆ ಬೇಡವೇ ಬೇಡ. ಬೇರು, ಪುಡಿ, ಕಷಾಯ ಕೊಡುವವರ ವಿಳಾಸ ಹಿಡಿದು ಹೋಗಬೇಡಿ. ಅದು ಔಷಧಿಯ ಜೊತೆ ಸೇರಿ ಯಕೃತ್ತಿಗೆ ಹೊಡೆತ ಕೊಡಬಹುದು. ಹರಕೆ ಹೊರುವುದು, ದೇವರಿಗೆ ಕೈಮುಗಿಯುವುದು ಅವರವರ ನಂಬಿಕೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಹರಕೆ ತೀರಿಸಲು ಹೋಗಿ ಕೀಮೋ ದಿನ ತಪ್ಪಿಸಬಾರದು. ಮತ್ತೆ, ನೆಗಡಿ ಕೆಮ್ಮು ಇದ್ದವರು ಎಷ್ಟೇ ಪ್ರೀತಿ ಇದ್ದರೂ ನೋಡಲು ಹೋಗಬೇಡಿ, ಫೋನ್ ಮಾಡಿ.

ಹಾಗಾದರೆ ಏನು ಮಾಡಬಹುದು? ಮೊದಲನೆಯದು ರಕ್ತ. ಕೀಮೋ ಪಡೆಯುವ ಮಕ್ಕಳಿಗೆ ಪ್ಲೇಟ್ಲೆಟ್ ಪದೇ ಪದೇ ಬೇಕು. ಅದನ್ನು ತೆಗೆದಿಟ್ಟರೆ ಐದೇ ದಿನ ಇರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡಿದರೆ ಸಾಲದು. ನಮ್ಮ ಕನ್ನಡ ಸಂಘಗಳ ಹತ್ತು ಯುವಕರು ಸರದಿಯ ಮೇಲೆ ಹೋದರೆ ಅದರ ಬೆಲೆ ಹೆಚ್ಚು. 18 ರಿಂದ 65 ವರ್ಷದೊಳಗಿನ ಆರೋಗ್ಯವಂತರು ರಕ್ತ ಕೊಡಬಹುದು. ಪ್ಲೇಟ್ಲೆಟ್ ಕೊಡುವ ಬಗ್ಗೆ ಆಸ್ಪತ್ರೆಯ ರಕ್ತನಿಧಿಯಲ್ಲಿ ವಿಚಾರಿಸಿ ಹೆಸರು ಬರೆಸಿ.

ಎರಡನೆಯದು ಮಾತು. ಮಾಟುಂಗಾ, ಸಯನ್, ವಡಾಲಾ, ಘಾಟ್‌ಕೋಪರ್, ಡೊಂಬಿವಲಿ, ನವಿ ಮುಂಬಯಿಯಲ್ಲಿರುವ ನಿಮಗೆ ಹಿಂದಿ, ಮರಾಠಿ, ಇಂಗ್ಲಿಷ್, ಕನ್ನಡ ನಾಲ್ಕೂ ಬರುತ್ತದೆ. ನಮಗೆ ಇದು ವಿಶೇಷವೆನಿಸುವುದೇ ಇಲ್ಲ. ಆದರೆ ತಿಂಗಳಿಗೆ ಒಂದು ಬೆಳಿಗ್ಗೆ ಒಂದು ಕುಟುಂಬದ ಪಕ್ಕ ಕೂತು ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಿದರೆ ಒಂದು ಮಗುವಿನ ಚಿಕಿತ್ಸೆ ನಡುವೆ ನಿಲ್ಲದಿರಬಹುದು. ಹೇಳುವಾಗ ಒಂದು ಎಚ್ಚರ. ನಿಮ್ಮ ಅಭಿಪ್ರಾಯ ಸೇರಿಸಬೇಡಿ, ಬಿಡಬೇಡಿ, ಸಿಹಿ ಮಾಡಬೇಡಿ. ವೈದ್ಯರು ಹೇಳಿದ್ದನ್ನಷ್ಟೇ ಹೇಳಿ. ಮತ್ತೆ "ತಿಳೀತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ನಿಮಗೆ ಏನು ತಿಳೀತು ನನಗೆ ಹೇಳಿ" ಎಂದು ಕೇಳಿ.

ಮೂರನೆಯದು ಸಣ್ಣ ಸಣ್ಣ ಕೆಲಸ. ನಡುರಾತ್ರಿ ಜ್ವರ ಬಂದಾಗ ಕರೆ ಮಾಡಲು ಒಂದು ಫೋನ್ ನಂಬರ್. ಹೊಸ ಕುಕ್ಕರ್, ನೀರು ಕಾಯಿಸುವ ಪಾತ್ರೆ. ಜೋಳದ ಹಿಟ್ಟು. ಈ ಊರಲ್ಲಿ ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂದು ಹೊಸಬರಿಗೆ ತಿಳಿಯದು. ತಾಯಿ ಎರಡು ಗಂಟೆ ಮಲಗಲೆಂದು ಮಗುವಿನ ಪಕ್ಕ ಕೂರುವುದು. ಕನ್ನಡ ಕಥೆ ಓದಿ ಹೇಳುವುದು. ಶಾಲೆ ತಪ್ಪಿದ ಮಗುವಿಗೆ ಒಂದಿಷ್ಟು ಅಕ್ಷರ, ಲೆಕ್ಕ. "ಏನಾದರೂ ಬೇಕಾದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ನೀವು ಸ್ನಾನ ಮಾಡಿ ಮಲಗಿ" ಎಂದರೆ ಅದು ಸಹಾಯ. ಹಾಗೆಂದ ಮೇಲೆ ಗುರುವಾರ ಹೋಗಲೇಬೇಕು.

ಕೊನೆಯದಾಗಿ, ಕೇಳುತ್ತಿರುವ ತಂದೆ ತಾಯಂದಿರಿಗೆ. ಹೆದರಿಸಲು ಅಲ್ಲ, ನೆನಪಿರಲಿ ಎಂದು. ಕಾರಣವಿಲ್ಲದೆ ವಾರಗಟ್ಟಲೆ ಬಂದು ಹೋಗುವ ಜ್ವರ, ಬಿಳಿಚಿಕೊಳ್ಳುವುದು, ಪೆಟ್ಟಾಗದೆ ನೀಲಿ ಕಲೆ, ಒಸಡಿನಲ್ಲಿ ರಕ್ತ, ಮೂಳೆ ನೋವೆಂದು ನಡೆಯದಿರುವುದು, ಕುತ್ತಿಗೆಯಲ್ಲೋ ಹೊಟ್ಟೆಯಲ್ಲೋ ಕರಗದ ಗಂಟು, ಬೆಳಗಿನ ತಲೆನೋವು ಮತ್ತು ವಾಂತಿ, ಫೋಟೋದಲ್ಲಿ ಕಣ್ಣಿನ ಪಾಪೆ ಬಿಳಿಯಾಗಿ ಹೊಳೆಯುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ವೈದ್ಯರಿಗೆ ತೋರಿಸಿ. ಹೆಚ್ಚಿನ ಸಲ ಬೇರೆ ಸಣ್ಣ ಕಾರಣವೇ ಇರುತ್ತದೆ. ಆದರೆ ಒಂದು ಸಾಮಾನ್ಯ ರಕ್ತ ಪರೀಕ್ಷೆ ತಡವಾಗದಂತೆ ತಡೆಯುತ್ತದೆ.

ಮಗುವಿನ ದೇಹಕ್ಕೆ ಏನು ಬೇಕೆಂದು ವೈದ್ಯರಿಗೆ ಗೊತ್ತಿದೆ. ಅದರ ಮನೆಯವರು ಈ ಊರಿನಲ್ಲಿ ಎರಡೂವರೆ ವರ್ಷ ನಿಲ್ಲಲು ಏನು ಬೇಕೆಂದು ನಮಗೆ ಗೊತ್ತಿದೆ. ಏಕೆಂದರೆ ನಾವೋ ನಮ್ಮ ಅಪ್ಪಂದಿರೋ ಒಂದು ಕಾಲದಲ್ಲಿ ಹೀಗೆಯೇ ಒಂದು ಟ್ರಂಕು ಹಿಡಿದು, ಭಾಷೆ ತಿಳಿಯದೆ, ಈ ಮುಂಬಯಿಯಲ್ಲಿ ಇಳಿದವರು. ನಮಗೆ ಯಾರೋ ಒಬ್ಬರು ಕನ್ನಡದಲ್ಲಿ ಮಾತನಾಡಿಸಿದ್ದರು.

ರಕ್ತ ಕೊಡಲು, ಕನ್ನಡದಲ್ಲಿ ಮಾತು ತಲುಪಿಸಲು ಒಪ್ಪುವವರು ಹೆಸರು, ವಾರದ ಯಾವ ದಿನ ಬಿಡುವು ಎಂಬುದನ್ನು ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿ. ಪಟ್ಟಿ ಮಾಡಿ ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಒಪ್ಪಿಸುವುದು ನಮ್ಮ ಕೆಲಸ. ಮುಂದಿನ ವಾರ ಇದೇ ಸಮಯಕ್ಕೆ ಮತ್ತೆ ಭೇಟಿಯಾಗೋಣ.